ಹನ್ನೆರಡನೆಯ ಕುರ್ಚಿ

“ದೇವರ ಭಯ ಬೇಡ್ವೇನೇ ನಿಂಗೆ, ಲೌಡಿ? ಬೊಗಳು, ಯಾರದು ಹೊಟ್ಟೇಲಿರೋದು?”

ಫಾದರ್ ಇನ್ನಾಸಪ್ಪ ಹೀಗೆ ಕೂಗಿದ್ದು ಹೆಂಡದಂಗಡಿಯ ಮುಂದಲ್ಲ. ಭಾನುವಾರದ ಪೂಜೆ ಮುಗಿಸಿ, ಮೈಮೇಲಿನ ಜರಿಯಂಗಿಯನ್ನೂ ಕಳಚದೆ, ಚರ್ಚಿನ ಬಾಗಿಲಲ್ಲಿ ನಿಂತು ಕೂಗಿದ. ಅವನೆದುರು ಕಾದ ಕಲ್ಲಿನ ಮೇಲೆ ಮಂಡಿಯೂರಿದ್ದವಳು ನನ್ನ ಮಗಳು ತೆರೇಸಿ. ತಪ್ಪು ಮಾಡಿದವರು ಜನವೆಲ್ಲ ಹೊರಗೆ ಬರುವ ತನಕ ಹಾಗೇ ಇರಬೇಕೆಂಬುದು ನಮ್ಮೂರಿನ ಕಟ್ಟಳೆ. ಮೇಲ್ಬೀದಿಯವರೊಬ್ಬರೂ ಅಲ್ಲಿ ಮಂಡಿಯೂರಿದ್ದನ್ನು ನಾನಂತೂ ಕಂಡಿಲ್ಲ.

ತೆರೇಸಿ ತಲೆಯೆತ್ತಿ ಅವನ ಮುಖ ನೋಡಿದಳು, ಅಷ್ಟೆ. ಅವನು ಒಳಕ್ಕೆ ಹೋಗಿಬಿಟ್ಟ.

ಯಾರದೆಂದು ಅವನಿಗೆ ಗೊತ್ತಿಲ್ಲವೆ? ಅವನ ಬಂಗಲೆಯಲ್ಲಿ ಅಡುಗೆಗಿದ್ದವಳು ಅವಳು. ಕ್ರಿಸ್‌ಮಸ್ ಕಳೆದ ಮೇಲೆ ಒಂದು ದಿನ ಒಲೆಯ ಮುಂದೆ ಕೂತು ಎಲ್ಲವನ್ನೂ ನನಗೆ ಹೇಳಿ ಅತ್ತಿದ್ದಳು. ನಾನು ಕುಡುಗೋಲು ಹಿಡಿದು ಎದ್ದೆ. ಗಂಡ ರಾಯಪ್ಪ ಅಡ್ಡ ನಿಂತ.

“ಸುಮ್ಕಿರಮ್ಮಿ. ಗುಡಿಸ್ಲು ಚರ್ಚಿನ್ ಜಾಗ್ದಲ್ಲೈತೆ. ಉಳೋ ಗದ್ದೆನೂ ಅವ್ರುದೇ. ಓಡಿಸ್ಬುಟ್ರೆ ಎಲ್ಲಿಗೋಗಾನ?”

ಮಂಡಿಯೂರಿಸಿದ ದಿನ ಸಂಜೆಯೇ ಉಪದೇಶಿ ಅರುಳಪ್ಪ ನಮ್ಮ ಕೇರಿಗೆ ಬಂದ. ಪಾದ್ರಿಯ ಬಲಗೈ ಅವನು. ಬಾಗಿಲಾಚೆಯೇ ನಿಂತು ಹಲ್ಲು ಕಿರಿದ.

“ನಿನ್ ಪುಣ್ಯ ಕಣ್ಲಾ ರಾಯಪ್ಪ. ಗುರುವಾರ ಪಾದ ತೊಳ್ಯಕ್ಕೆ ಸ್ವಾಮ್ಗೋಳು ನಿನ್ನ ಆರಿಸವ್ರೆ.”

ಈಸ್ಟರಿಗೆ ಮುಂಚಿನ ಗುರುವಾರ ಯೇಸು ತನ್ನ ಹನ್ನೆರಡು ಶಿಷ್ಯರ ಪಾದ ತೊಳೆದನಂತೆ. ಅದರ ನೆನಪಿಗೆ ಪಾದ್ರಿ ಊರಿನ ಹನ್ನೆರಡು ಗಂಡಸರ ಪಾದ ತೊಳೆದು ಮುತ್ತಿಡುತ್ತಾನೆ. ಹನ್ನೊಂದು ಕುರ್ಚಿ ಗದ್ದೆ ತೋಟವಿರುವ ಮೇಲ್ಬೀದಿಯವರಿಗೆ. ಹನ್ನೆರಡನೆಯದು ಯೂದನದು, ಯೇಸುವನ್ನು ಹಿಡಿದುಕೊಟ್ಟವನದು. ಅದರಲ್ಲಿ ಕೂರಲು ಅವರ್ಯಾರೂ ಒಪ್ಪದ್ದರಿಂದ ಅದು ನಮ್ಮ ಕೇರಿಯ ಪಾಲು. ಮಾನಗೆಟ್ಟ ನಾವು ಅದಕ್ಕೂ ಕಿತ್ತಾಡುತ್ತೇವೆ. ವರ್ಷಕ್ಕೊಂದು ಸಲವಾದರೂ ನಮ್ಮವನೊಬ್ಬ ಮುಂದೆ ಕೂರುತ್ತಾನಲ್ಲ!

“ಇನ್ನೊಂದ್ ಮಾತು,” ಎಂದ ಅರುಳಪ್ಪ. “ಅರಕೆರೆ ಬಸ್ಸಿನ್ ಕಂಡಕ್ಟ್ರು ಕೆಡಿಸ್ದ ಅಂತ ಈಸ್ಟರ್ ದಿನ ನಿನ್ ಮಗ್ಳು ಎಲ್ರೆದ್ರಿಗೆ ಏಳ್ಬುಡ್ಲಿ. ಆಮ್ಯಾಕೆ ದೂರ್ದಾಗೆ ಸಿಸ್ಟರ್‌ಗಳ ಮಠ ಐತೆ. ಅಲ್ಲಿ ಎತ್ತು ಕೂಸ್ನ ಅಲ್ಲೇ ಬುಟ್ಬರ್ತಾಳೆ.”

“ಒಲ್ಲೆ ಅಂದ್ರೆ?” ಎಂದೆ.

“ಗುಡಿಸ್ಲು ಕಿತ್ತಾಕ್ತೀವಿ.”

ರಾಯಪ್ಪ ಹೂಂ ಎಂದು ತಲೆಯಾಡಿಸಿದ. ಮಾರನೆಯ ದಿನದಿಂದ ನಾಲೆಯ ಸೋಪಾನದ ಮೇಲೆ ಕೂತು ಇಟ್ಟಿಗೆ ಚೂರಿನಿಂದ ಹಿಮ್ಮಡಿ ಉಜ್ಜತೊಡಗಿದ. ಸ್ವಾಮಿಯ ಕೈಗೆ ಬಿರುಕು ತರಚಬಾರದು ನೋಡಿ!

“ನಿನ್ ಬಾಯ್ಗೆ ಮಣ್ಣಾಕ! ಮಗ್ಳ ಮಾನ ಮಾರ್ಬುಟ್ಟು ಕಾಲುಜ್ಜೀಯಲ್ಲೋ, ಬೇವರ್ಸಿ!” ಎಂದು ಬೈದೆ. ಅವನು ಹಿಮ್ಮಡಿಯಲ್ಲಿ ರಕ್ತ ಬಂದರೂ ಉಜ್ಜುತ್ತಲೇ ಇದ್ದ.

ಗುರುವಾರ ಸಂಜೆ ಚರ್ಚು ತುಂಬಿತ್ತು. ಮೇಲ್ಬೀದಿಯವರು ಚಪ್ಪಲಿ ಬಿಟ್ಟು ಸೀದಾ ಒಳಕ್ಕೆ ಹೋದರು. ರಾಯಪ್ಪನನ್ನು ಮಾತ್ರ ಅರುಳಪ್ಪ ಬಾಗಿಲಲ್ಲೇ ತಡೆದು, ಒಡೆದ ಹಿಮ್ಮಡಿಗೆ ಫಿನಾಯಿಲ್ ಸುರಿದ.

“ಸ್ವಾಮ್ಗೋಳು ಮುತ್ತಿಕ್ಬೇಕಲ್ಲ. ನಾತ ಬರ್ಬಾರ್ದು.”

ಉರಿಗೆ ರಾಯಪ್ಪ ಹಲ್ಲು ಕಚ್ಚಿದ. ಹೋಗಿ ಕೂತ.

ಪಾದ್ರಿ ಸೊಂಟಕ್ಕೆ ಬಿಳಿ ಟವೆಲು ಕಟ್ಟಿಕೊಂಡು ಒಂದೊಂದೇ ಕಾಲನ್ನು ತೊಳೆಯುತ್ತ, ಒರೆಸುತ್ತ, ಮುತ್ತಿಡುತ್ತ ಬಂದ. ಹನ್ನೊಂದನೆಯವನದು ಮುಗಿಯುವಷ್ಟರಲ್ಲಿ ನಾನು ತೆರೇಸಿಯ ಕೈ ಹಿಡಿದು ನಡುದಾರಿಯಲ್ಲಿ ನಡೆದು ಹೋಗಿ ಗಂಡನ ಮುಂದೆ ನಿಂತೆ.

“ಏಳು.”

ಅವನು ನನ್ನನ್ನು ನೋಡಿದ, ಮಗಳನ್ನು ನೋಡಿದ. ಎದ್ದ.

ತೆರೇಸಿ ಕೂತಳು. ಸೀರೆಯನ್ನು ಒಂಚೂರು ಎತ್ತಿ, ಬಸುರಿಗೆ ಬಾತ ಎರಡೂ ಪಾದಗಳನ್ನು ನೀರಿನ ತಾಂಬಾಳದಲ್ಲಿಟ್ಟಳು.

“ಏಳೇ! ಹೆಂಗಸರು ಕೂರೋ ಜಾಗವಲ್ಲ ಇದು!” ಎಂದು ಪಾದ್ರಿ ಹಲ್ಲುಮಸೆದ.

“ಯೂದನ್ ಕುರ್ಚಿ ಅಲ್ವಾ ಸ್ವಾಮಿ? ಇವತ್ತು ನಾನೂ ಇಡ್ಕೊಡಕ್ಕೇ ಬಂದಿವ್ನಿ,” ಎಂದಳು ತೆರೇಸಿ. ಅವಳ ದನಿ ಇಷ್ಟು ಗಟ್ಟಿಯಿದೆಯೆಂದು ನನಗೇ ಗೊತ್ತಿರಲಿಲ್ಲ. “ಕತ್ಲಲ್ಲಿ ಇಡ್ಕಂಡ್ ಎಳ್ದ ಕಾಲೇ ಇವು. ಬೆಳಕಲ್ಲಿ ಮುಟ್ಟಕ್ಕೇನು? ತೊಳೀರಿ.”

ಪಾದ್ರಿ ಹಾಡುವವರತ್ತ ತಿರುಗಿದ.

“ಹಾಡು! ಹಾಡು ಎತ್ರಯ್ಯ!” ಎಂದು ಪಾದ್ರಿ ಕಿರುಚಿದ.

ಹಾರ್ಮೋನಿಯಂ ಶುರುವಾಯಿತು. ಪಾದ ತೊಳೆಸಿಕೊಂಡ ಹನ್ನೊಂದೂ ಜನ ಬಾಯಿಬಿಟ್ಟು ಹಾಡಿದರು. ಅವರು ಹಾಡಲಿ, ಹಾಳಾಗಿಹೋಗಲಿ. ಹಿಂದೆ ನೆಲದ ಮೇಲೆ ಕೂತಿದ್ದ ನಮ್ಮ ಕೇರಿಯವರೂ ಹಾಡಿದರು. ನನ್ನ ತಂಗಿಯೂ ಹಾಡಿದಳು.

ಅರುಳಪ್ಪ ತೆರೇಸಿಯ ಜಡೆಗೆ ಕೈಹಾಕಿದ. ಅದುವರೆಗೆ ಕಂಬದಂತೆ ನಿಂತಿದ್ದ ರಾಯಪ್ಪ ಅವನೆದೆಗೆ ಒದ್ದ. ಅರುಳಪ್ಪ ಎದ್ದು, “ಇವ್ನ ಗುಡಿಸ್ಲು ಕೀಳ್ರೋ!” ಎಂದು ಅರಚುತ್ತ ಹೊರಕ್ಕೆ ಓಡಿದ. ಅವನ ಹಿಂದೆ ಮೇಲ್ಬೀದಿಯ ಹುಡುಗರೂ ಓಡಿದರು.

ರಾಯಪ್ಪ ಪಾದ್ರಿಯ ಕತ್ತಿನ ಹಿಂಬದಿಗೆ ಕೈಹಾಕಿ ಕೆಳಕ್ಕೆ ಅದುಮಿದ. ನೊಗ ಹೊತ್ತ ಎತ್ತನ್ನು ಬಗ್ಗಿಸುವ ಕೈ ಅದು. ಜರಿಯಂಗಿ ನೀರಿನಲ್ಲಿ ನೆನೆಯಿತು.

“ತೊಳ್ಯಲಾ, ಬೋಳಿಮಗ್ನೆ.”

ಹಾಡು ಇನ್ನೂ ಜೋರಾಯಿತು. ಅದರ ನಡುವೆಯೂ ಕೇರಿಯ ಕಡೆಯಿಂದ ಗುಡಿಸಲಿನ ಗಳುಗಳು ಲಟಲಟನೆ ಮುರಿಯುವುದು ಕೇಳುತ್ತಿತ್ತು. ರಾಯಪ್ಪ ತಿರುಗಿ ನೋಡಲಿಲ್ಲ. ಕೈಯನ್ನೂ ಸಡಿಲಿಸಲಿಲ್ಲ.