ಬಚ್ಚಲಿನ ಒಳಗೋಡೆ

ನಾನು ಒಂದು ಗ್ಯಾಸ್ ಗೀಸರ್. ತಗಡು, ತಾಮ್ರದ ಸುರುಳಿ, ಒಂದು ಸಾಲು ಬೆಂಕಿ, ಇಷ್ಟರಿಂದ ಕಾರ್ಖಾನೆಯಲ್ಲಿ ನನ್ನನ್ನು ಹುಟ್ಟಿಸಿದರು. ನನಗೆ ಉಸಿರಾಡಲು ಗಾಳಿ ಬೇಕು. ಸಾಲದಿದ್ದರೆ ಬಚ್ಚಲಲ್ಲಿ ಇರುವವರ ಪಾಲನ್ನೂ ಎಳೆದುಕೊಂಡು ವಾಸನೆಯಿಲ್ಲದ ವಿಷ ಬಿಡುತ್ತೇನೆ. ಇದನ್ನು ನನ್ನ ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಬರೆದಿದ್ದರು. ಕೊಂಡುಕೊಂಡ ದಾವಣಗೆರೆಯ ಓಂಕಾರಪ್ಪನವರು ಆ ಡಬ್ಬಿಯಲ್ಲಿ ಈರುಳ್ಳಿ ತುಂಬಿಟ್ಟರು.

ಅವರು ಮಹಡಿಯ ಮೇಲೆ ಬಾಡಿಗೆಗೊಂದು ಮನೆ ಕಟ್ಟಿಸಿದ್ದರು. ಮುಂಬಾಗಿಲು ತೇಗದ್ದು. ಅದರಲ್ಲಿ ಕೆತ್ತಿದ ಗಜಲಕ್ಷ್ಮಿ ಎಷ್ಟು ದಷ್ಟಪುಷ್ಟವೆಂದರೆ ಬಾಗಿಲು ತೆಗೆಯಲು ಇಬ್ಬರು ಬೇಕಿತ್ತು. ನೋಡಲು ಬಂದವರು ಬಚ್ಚಲಿಗೆ ಇಣುಕುವುದು ಕೊನೆಗೆ ತಾನೆ? ದುಡ್ಡೂ ಅಲ್ಲಿಗೆ ಕೊನೆಗೇ ತಲುಪಿತು. ಹೊಗೆ ಕೊಳವೆಯಿಲ್ಲದೆ ನನ್ನನ್ನು ಒಳಗೋಡೆಗೆ ನೇತುಹಾಕಿದರು. ಗಾಳಿಗೆಂದು ಇದ್ದದ್ದು ಅಂಗೈಯಗಲದ ಒಂದು ಕಿಂಡಿ.

ಬಾಡಿಗೆಗೆ ಬಂದ ಬಸ್ ಕಂಡಕ್ಟರ್ ಹಾಲಸ್ವಾಮಿ ಮೊದಲ ದಿನವೇ ಹೇಳಿದ, "ಅಂಕಲ್, ಇದನ್ನ ಹೊರಗಡೆ ಗೋಡೆಗೆ ಹಾಕಿಸ್ರಿ."

"ಹೊರಗಿಟ್ರೆ ಕಳ್ಳ ಹೊತ್ಕೊಂಡು ಹೋಗ್ತಾನಪ್ಪ. ನಿಂಗೆ ಬಿಸಿನೀರು ಬೇಕೋ, ಗೀಸರ್ ದರ್ಶನ ಬೇಕೋ?"

ಹಾಲಸ್ವಾಮಿಯ ಹೆಂಡತಿ ಚಂದ್ರಕಲಾ ಹೆತ್ತಳು. ಅವಳಿಗೆ ತಾಯಿಯಿಲ್ಲ. ಓಂಕಾರಪ್ಪನವರ ಹೆಂಡತಿ ಗೌರಮ್ಮ ಸೆರಗು ಸಿಕ್ಕಿಸಿಕೊಂಡು ಮೇಲೆ ಬಂದರು, "ನಾನು ಎರೀತೀನಿ ಬಾರವ್ವ."

ಬಾಣಂತಿಗೆ ಗಾಳಿ ತಾಗಬಾರದು. ಗೌರಮ್ಮ ಕಿಂಡಿಗೆ ಗೋಣಿಚೀಲ ತುರುಕಿದರು. ಮೊದಲು ಕೂಸನ್ನು ಎರೆದು, ಸುತ್ತಿ, ಕೋಣೆಯ ತೊಟ್ಟಿಲಲ್ಲಿ ಮಲಗಿಸಿ ಬಂದರು. ಆಮೇಲೆ ಚಿಲಕ ಹಾಕಿ, ಬಾಗಿಲ ಸಂದಿಗೆ ಹಳೇ ಸೀರೆ ಒತ್ತಿ, ತಾಯಿಗೆ ನೀರು ಹೊಯ್ಯತೊಡಗಿದರು. ಹಂಡೆಗಟ್ಟಲೆ ನೀರು. ನನ್ನ ನೀಲಿ ಜ್ವಾಲೆ ಹಳದಿಗೆ ತಿರುಗಿತು. ಕೂಗಲು ನನಗೆ ಬಾಯಿಲ್ಲ.

"ಅಮ್ಮಾ, ತಲೆ ತಿರುಗ್ತೈತೆ."

"ಬಾಣಂತಿ ಅಂದ್ಮ್ಯಾಲೆ ತಿರುಗ್ತೈತವ್ವ. ಬಗ್ಗು, ಇನ್ನೆರಡು ತಂಬಿಗೆ."

ಆ ತಂಬಿಗೆ ಗೌರಮ್ಮನ ಕೈಯಿಂದಲೇ ಜಾರಿತು. ಚಂದ್ರಕಲಾ ಗೋಡೆಗುಂಟ ಕುಸಿದಳು. ಗೌರಮ್ಮ ಚಿಲಕದತ್ತ ಕೈ ಚಾಚಿ, ಮುಟ್ಟಲಾರದೆ ಬಿದ್ದರು. ನಾನು ಉರಿಯುತ್ತಲೇ ಇದ್ದೆ.

ಕೋಣೆಯಲ್ಲಿ ಕೂಸು ಅಳತೊಡಗಿತು. ಕೆಳಗಿನಿಂದ ಓಂಕಾರಪ್ಪ ಕೂಗಿದರು, "ಏ ಗೌರಾ, ಕೂಸು ಅಳ್ತೈತೆ! ಕಿವುಡಿ ಆದೇನೇ?" ಅಳು ಕಿರುಚಾಟವಾಯಿತು. ಬೈಯುತ್ತಾ ಹತ್ತಿಬಂದು ಬಚ್ಚಲ ಬಾಗಿಲು ಬಡಿದರು. "ಗೌರಾ?" ಮತ್ತೆ ಬಡಿದರು. ಒಳಗೆ ನನ್ನ ಬುಸುಗುಟ್ಟುವಿಕೆ ಬಿಟ್ಟರೆ ಸದ್ದಿಲ್ಲ. ಒದ್ದರು. ಬಾಗಿಲು ಅಗ್ಗದ ಪ್ಲಾಸ್ಟಿಕ್ಕಿನದು, ಒಂದೇ ಒದೆಗೆ ಹಪ್ಪಳವಾಯಿತು. ಆ ಜಿಪುಣತನವೊಂದಕ್ಕೆ ಮಾತ್ರ ನನ್ನ ನಮಸ್ಕಾರ.

ಹೆಂಡತಿಯನ್ನು ಗಾಳಿಗೆ ಎಳೆದುಹಾಕಿ, ಉಸಿರು ಬಿಗಿಹಿಡಿದು ಮತ್ತೆ ಒಳಹೊಕ್ಕು ಚಂದ್ರಕಲಾಳನ್ನೂ ಎಳೆತಂದರು. ಗೌರಮ್ಮ ಕೆಮ್ಮುತ್ತಾ ಕಣ್ಣು ಬಿಟ್ಟರು. ಚಂದ್ರಕಲಾ ಬಿಡಲಿಲ್ಲ. ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟ ಮೇಲೆಯೇ ಅವಳು "ಕೂಸು" ಎಂದದ್ದು.

ಮರುದಿನ ನನ್ನನ್ನು ಹೊರಗೋಡೆಗೆ ಹಾಕಿಸಿದರು. ಈಗ ತುಕ್ಕು ಹಿಡಿದು ಅಲ್ಲೇ ನಿವೃತ್ತನಾಗಿದ್ದೇನೆ. ಯಾವ ಕಳ್ಳನೂ ನನ್ನನ್ನು ಮೂಸಿ ನೋಡಿಲ್ಲ. ಒಳಗಿನ ಕೆಲಸಕ್ಕೆ ಕರೆಂಟಿನ ಗೀಸರ್ ಬಂದಿದೆ. ಆದರೂ ಗೌರಮ್ಮ ಮಾಡಿದ ಕಟ್ಟಳೆ ಬದಲಾಗಿಲ್ಲ. "ಬಾಡಿಗೆ ಕೇಳೋಕ್ ಮುಂಚೆ ಆ ಬಚ್ಚಲದಾಗೆ ನೀವು ಮೀಯ್ರಿ."

ಹೊಸ ಬಾಡಿಗೆದಾರರು ಬರುವ ಮುನ್ನ ಓಂಕಾರಪ್ಪ ಟವೆಲ್ ಹೊದ್ದು ಮಹಡಿ ಹತ್ತುತ್ತಾರೆ. ಗೌರಮ್ಮ ಬಚ್ಚಲ ಬಾಗಿಲ ಹೊರಗೆ ಸ್ಟೂಲ್ ಹಾಕಿ ಕೂರುತ್ತಾರೆ.

"ಇದೀರೇನ್ರೀ?"

"ಇದೀನಿ ಕಣೇ!"