ಯಾರ ಕಡೆಯವಳು

ತೇನಿಯ ಸರ್ಕಾರಿ ಆಫೀಸಿನ ವರಾಂಡದಲ್ಲಿ ಚೆಲ್ಲಮ್ಮಾಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಬೆಂಚಿನ ಈ ತುದಿಯಿಂದ ಆ ತುದಿಗೆ ಸರಿಯುವಳು, ಎದ್ದು ಬೀದಿಗೆ ಇಣುಕುವಳು, ಮತ್ತೆ ಬಂದು ಕೂರುವಳು. ಗಂಡನ ಅಣ್ಣ ಮೂಕಯ್ಯ ಮಾತ್ರ ಟವೆಲನ್ನು ತೊಡೆಯ ಮೇಲಿಟ್ಟುಕೊಂಡು ಅಲುಗದೆ ಕೂತಿದ್ದ.

ರಂಗೂನಿನಲ್ಲಿ ಸರ್ಕಾರ ಅಂಗಡಿಗಳನ್ನೆಲ್ಲ ಕಿತ್ತುಕೊಂಡ ವರ್ಷವೇ ಗಂಡ ಕಾಳಿಮುತ್ತು ಜ್ವರದಲ್ಲಿ ತೀರಿಕೊಂಡಿದ್ದ. ಅವಳು ಬರ್ಮಾದ ಹೆಣ್ಣು. ಹೆತ್ತವರಿಟ್ಟ ಹೆಸರು ಮಾ ಖಿನ್. ಚೆಲ್ಲಮ್ಮಾಳ್ ಎಂದು ಕರೆದವನೂ, ಇಪ್ಪತ್ತು ವರ್ಷ ಮನೆಯೊಳಗೆ ತನ್ನ ಕನ್ನಡವನ್ನೇ ಆಡಿಸಿದವನೂ ಅವನೇ. "ಕೊಂಬೈಗೆ ಓಗು. ನಮ್ಮೋರು ಅವ್ರೆ" ಅಂದಿದ್ದ. ಕೊಂಬೈ ತಮಿಳು ಸೀಮೆಯಲ್ಲಿದ್ದ ಅವನ ಊರು; ಅಲ್ಲಿ ಅವನ ಕುಲದವರ ಮನೆಮಾತು ಕನ್ನಡ. ಆ ಮಾತಿನ ಬೆನ್ನು ಹಿಡಿದು ಅವಳು ಹಡಗು ಹತ್ತಿದ್ದಳು.

ಕೊಂಬೈಯಲ್ಲಿ ಎಂಟು ದಿನ ಜಗಲಿಯ ಮೇಲೇ ಎಲೆ ಹಾಕಿದರು. ಅವಳು ಕನ್ನಡದಲ್ಲಿ ಏನಾದರೂ ಕೇಳಿದರೆ ಮೂಕಯ್ಯನ ಮಗಳು ಮುತ್ತುಲಕ್ಷ್ಮಿ ತಮಿಳಿನಲ್ಲಿ ಉತ್ತರ ಕೊಟ್ಟು ಒಳಗೆ ಹೋಗಿಬಿಡುತ್ತಿದ್ದಳು. ಮುತ್ತುಲಕ್ಷ್ಮಿಗೆ ಮಾರ್ಕಯನ್‌ಕೋಟ್ಟೈ ಊರಿನಲ್ಲಿ ಗಂಡು ಗೊತ್ತಾಗಿತ್ತು. ಗಂಡಿನ ಕಡೆಯವರು ಬಂದು, ಜಗಲಿಯಲ್ಲಿದ್ದ ಚೆಲ್ಲಮ್ಮಾಳ ಮುಖವನ್ನೇ ನೋಡಿ ಹೋದ ಮಾರನೆಯ ಬೆಳಿಗ್ಗೆ ಮೂಕಯ್ಯ, "ದಿಂಡಿಗಲ್ ಆಚೆ ಬರ್ಮಾದಿಂದ ಬಂದೋರ್ಗೆ ಮನೆ ಕಟ್ಟವ್ರಂತೆ. ತೇನಿಲಿ ಎಸ್ರು ಬರ್ಸಾನ, ಒರ್ಡು" ಎಂದಿದ್ದ.

ಗುಮಾಸ್ತ ಒಳಗೆ ಕರೆದ. "ಈಯಮ್ಮ ನಿಮಗೇನಾಗಬೇಕು?" ಎಂದು ತಮಿಳಿನಲ್ಲಿ ಕೇಳಿದ.

ಮೂಕಯ್ಯ ಗೋಡೆ ನೋಡಿದ. ಅವನೂ ತಮಿಳಿನಲ್ಲೇ, "ತಮ್ಮನ ಮನೆಯಲ್ಲಿ ಅಡುಗೆಗಿದ್ದವಳು. ಸಂಬಂಧ ಏನಿಲ್ಲ" ಎಂದ.

ಅವಳಿಗೆ ತಮಿಳು ಬಾರದೆಂದೇ ಅವನು ತಿಳಿದಿದ್ದ. ಆದರೆ ರಂಗೂನಿನ ಸಂತೆಯಲ್ಲಿ ಅವಳ ಅರ್ಧ ವ್ಯಾಪಾರ ನಡೆದದ್ದು ತಮಿಳಿನಲ್ಲೇ. ಚೆಲ್ಲಮ್ಮಾಳ್ ಮೇಜಿನ ಹತ್ತಿರ ಬಂದಳು.

"ಕಾಳಿಮುತ್ತುವಿನ ಹೆಂಡತಿ ಅಂತ ಬರೆಯಿರಿ," ಎಂದಳು ಚೊಕ್ಕ ತಮಿಳಿನಲ್ಲಿ. "ಇವರು ದಾರಿ ತೋರಿಸೋಕೆ ಬಂದವರು. ಇವರ ಹೆಸರು ಬೇಡ."

ಗುಮಾಸ್ತ ಹಾಗೇ ಬರೆದುಕೊಂಡು ಚೀಟಿ ಕೊಟ್ಟ.

ಬಸ್ ಸ್ಟ್ಯಾಂಡಿಗೆ ಅವಳು ಬಟ್ಟೆಗಂಟು ಹಿಡಿದು ಮುಂದೆ ಮುಂದೆ ನಡೆದಳು. ಅವಳ ಟ್ರಂಕು ಹೊತ್ತು ಮೂಕಯ್ಯ ಹಿಂದೆ ಬಂದ. "ಮಗ್ಳ ಕಲ್ಯಾಣ..." ಎಂದು ಶುರುಮಾಡಿ ನಿಲ್ಲಿಸಿದ. ಟ್ರಂಕನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿಕೊಂಡು, "ಕಡೇಲಿ ಅವ್ನು ನಮ್ಮನ್ನ ಕೇಳಿದ್ನಾ?" ಎಂದ. ಎಂಟು ದಿನದಲ್ಲಿ ತಮ್ಮನ ಬಗ್ಗೆ ಅವನು ಕೇಳಿದ್ದು ಇದೇ ಮೊದಲು.

"ಕೇಳ್ದೆ ಇರ್ತಾರಾ ಬಾವ? ತ್ವಾಟದ ಬಾವಿ ನೀರು ಬೇಕು ಅಂದ್ರು. ಎಲ್ಲಿಂದ ತರ್ಲಿ? ಕೊಳಾಯಿ ನೀರು ಕೊಟ್ಟು, ಇದೇ ಅದು ಅಂದೆ. ಕುಡುದ್ರು."

ದಿಂಡಿಗಲ್ ಬಸ್ಸು ಬಂತು. ಅವಳು ಹತ್ತಿ ಕೂತ ಮೇಲೆ ಮೂಕಯ್ಯನೂ ಹತ್ತಿ ಅವಳ ಸೀಟಿನಡಿ ಟ್ರಂಕು ತಳ್ಳಿದ. ಬಸ್ಸು ಹೊರಟು, ಸಂತೆ ದಾಟಿ, ಊರಿನ ಕಡೆಯ ಮನೆಗಳನ್ನೂ ದಾಟಿತು. ಅವಳು ತಿರುಗಿ ನೋಡಿದಳು. ಅವನು ಇಳಿದಿರಲಿಲ್ಲ, ಕಂಬಿ ಹಿಡಿದು, ತಲೆ ತಗ್ಗಿಸಿ ನಿಂತೇ ಇದ್ದ.

ಚೆಲ್ಲಮ್ಮಾಳ್ ತನ್ನ ಪಕ್ಕದ ಸೀಟಿನ ಮೇಲಿದ್ದ ಬಟ್ಟೆಗಂಟನ್ನೆತ್ತಿ ತೊಡೆಯ ಮೇಲಿಟ್ಟುಕೊಂಡಳು.