ಕೊಳವೆಗೆ ಇಟ್ಟ ಕಿವಿ

"ಗೋಡೆಗೆ ಕಿವಿ ಇರತ್ತೆ ಅಂತ ಕೇಳಿದ್ದೆ, ನೀನು ಕೊಳವೆಗೂ ಇಟ್ಟೆಯಲ್ಲೇ ತಾಯಿ!" ಎಂದು ಅತ್ತೆ ಬೆಳಿಗ್ಗೆ ತಿಂಡಿ ಬಡಿಸುತ್ತ ನಕ್ಕಿದ್ದರು. ಕೆಲಸದ ಕಡೆ ಎಲ್ಲರೂ ಈ ಸೊಸೆಯನ್ನು ಕಿವಿಯಮ್ಮ ಎಂದೇ ಕರೆಯುವುದು. ಇವತ್ತು ಮಾತ್ರ ಅವಳಿಗೆ ನಗು ಬರಲಿಲ್ಲ.

ಅವಳ ಕೆಲಸ, ಸೂರ್ಯನಂತೆ ಪರಮಾಣುಗಳನ್ನು ಬೆಸೆಯುವ ರಿಯಾಕ್ಟರಿನಲ್ಲಿ. ಒಳಗೆ ಉರಿ ಎಷ್ಟಿತ್ತೆಂದು ತಿಳಿಯಲು ಹೆಬ್ಬೆರಳುದ್ದದ ಡಬ್ಬಿಯಲ್ಲಿ ಲೋಹದ ಹಾಳೆ ಇಟ್ಟಿರುತ್ತಾರೆ. ಉರಿ ಆರಿದೊಡನೆ ಡಬ್ಬಿಯನ್ನು ಉದ್ದನೆಯ ಕೊಳವೆಯಲ್ಲಿ ಹದವಾಗಿ ಗಾಳಿ ಊದಿ ಅಳತೆಯ ಕೋಣೆಗೆ ತರಿಸಬೇಕು. ತಡವಾದರೆ ಹಾಳೆಯ ಮೇಲಿನ ಗುರುತು ಮಾಸಿಹೋಗುತ್ತದೆ. ದಾರಿಯಲ್ಲಿ ಇಣುಕೋಣವೆಂದರೆ ವಿಕಿರಣ, ಯಾರೂ ಹೋಗುವಂತಿಲ್ಲ. ಅದಕ್ಕೇ ಅವಳು ಕೊಳವೆಯ ಹೊರಮೈಗೆ ಐದು ಕಡೆ ಸದ್ದು ಹಿಡಿಯುವ ಬಿಲ್ಲೆ ಅಂಟಿಸಿದ್ದಳು. ಡಬ್ಬಿ ದಾಟಿದಂತೆಲ್ಲ ಒಂದೊಂದೇ ದೀಪ ಹತ್ತಬೇಕು. ಬಿಲ್ಲೆಗಳು ಇವತ್ತು ಎಡವಿದರೆ ನಾಳೆಯೇ ಎಲ್ಲ ಕಿತ್ತುಹಾಕುವುದಾಗಿ ಮುಖ್ಯ ಎಂಜಿನಿಯರು ಹೇಳಿದ್ದರು.

ಉರಿ ಆರಿತು. ನಿಯಂತ್ರಣ ಕೋಣೆಯಿಂದ ಗಾಳಿ ಊದಿದರು. ಒಂದನೇ ದೀಪ. ಎರಡನೇ ದೀಪ! ಮೂರನೆಯದು ಮಾತ್ರ ಹತ್ತಲಿಲ್ಲ.

"ಸಿಕ್ಕಾಕೊಂಡಿದೆ. ಜೋರಾಗಿ ಊದ್ತೀನಿ," ಎಂದು ಎಂಜಿನಿಯರು ಗುಂಡಿಯತ್ತ ಕೈ ಚಾಚಿದರು.

ಕಿವಿಯಮ್ಮ ಹೆಡ್‌ಫೋನ್ ಏರಿಸಿ ಮೂರನೇ ಬಿಲ್ಲೆಗೆ ಕಿವಿಗೊಟ್ಟಳು. ಜುಳುಜುಳು! ಗಾಳಿಯ ಕೊಳವೆಯಲ್ಲಿ ನೀರೆಲ್ಲಿಂದ ಬಂತು? ಮರುಕ್ಷಣ ಅವಳಿಗೆ ಹೊಳೆಯಿತು. ನಿನ್ನೆ ರಿಯಾಕ್ಟರು ನಿಂತಿದ್ದಾಗ ಈ ಬಿಲ್ಲೆ ಬಿಚ್ಚಿ ಒರೆಸಿ, ತಪ್ಪಿ ಪಕ್ಕದ ನೀರಿನ ಕೊಳವೆಗೆ ಅಂಟಿಸಿ ಬಂದಿದ್ದಳು. ಎರಡೂ ಒಂದೇ ದಪ್ಪ, ಒಂದೇ ಹೊಳಪು. ಬಾಯಿಬಿಟ್ಟರೆ ಎಂಟು ತಿಂಗಳ ಕೆಲಸ ನೀರಲ್ಲಿ ಹೋಮ. ಸುಮ್ಮನಿದ್ದರೆ, ಸರಾಗವಾಗಿ ಬರುತ್ತಿರುವ ಡಬ್ಬಿ ಆ ಜೋರಿಗೆ ಕೊನೆಯ ತಡೆಗೆ ಬಡಿದು ನುಚ್ಚುನೂರು.

"ಬೇಡ ಸಾರ್! ಮುಟ್ಟಬೇಡಿ! ಡಬ್ಬಿ ಬರ್ತಾ ಇದೆ. ಬಿಲ್ಲೇನ ನೀರಿನ ಪೈಪಿಗೆ ಅಂಟಿಸ್ಬಿಟ್ಟಿದೀನಿ, ತಪ್ಪು ನಂದೇ!"

ಎಂಜಿನಿಯರ ಕೈ ಗುಂಡಿಯ ಮೇಲೆಯೇ ನಿಂತಿತು. ನಾಲ್ಕನೇ ದೀಪ ಹತ್ತಿತು. ಐದನೆಯದು! ಪಕ್ಕದ ಕೋಣೆಯಲ್ಲಿ ಟಣ್ ಎಂದು ಡಬ್ಬಿ ಬಂದು ಕೂತಿತು. ಅಳತೆಯವರು "ಗುರುತು ಮಾಸಿಲ್ಲ, ಹಾಳೆ ಬಿಸಿಬಿಸಿಯಾಗೇ ಇದೆ!" ಎಂದು ಕೂಗಿದಾಗ ಅವಳಿಗೆ ಕುಣಿಯುವಷ್ಟು ಖುಷಿಯಾಯಿತು, ಆಮೇಲೆ ನಾಳೆಯ ನೆನಪಾಗಿ ತಲೆ ತಗ್ಗಿಸಿದಳು.

"ಕಿತ್ಬಿಡ್ತೀನಿ ಸಾರ್," ಎಂದಳು.

"ಏನಮ್ಮ ಕೀಳೋದು? ನೀರಿನ ಪೈಪಿಗಿಟ್ರೆ ನಿಮ್ಮ ಬಿಲ್ಲೆ ನೀರು ಅಂತ ಸರಿಯಾಗೇ ಹೇಳ್ತಲ್ಲ! ಇನ್ನೂ ಹತ್ತು ಅಂಟಿಸಿ," ಎಂದ ಎಂಜಿನಿಯರು ಬಾಗಿಲ ಬಳಿ ನಿಂತು ತಿರುಗಿದರು. "ಪೈಪಿನ ಮೇಲೆ ಮೊದ್ಲು ಹೆಸರು ಬರೀರಿ."

ಅವಳು ಆಗಲೇ ಅತ್ತೆಗೆ ಫೋನ್ ಹಚ್ಚಿದ್ದಳು. "ಅತ್ತೇ, ಇನ್ನೂ ಹತ್ತು ಕಿವಿ!"